ಬಸಿದ ನೀರು

ಹೊಸಮನೆ, ಶಿವಮೊಗ್ಗ
14-8-2001, ಮಂಗಳವಾರ

ಪ್ರೀತಿಯ ಅತ್ತೆಗೆ,

ನಿಮ್ಮ ಸೊಸೆ ತನುಜಾ ಮಾಡುವ ಶರಣು. ನಿಮ್ಮ ಮಂಡಿನೋವು ಹೇಗಿದೆ? ಈ ಸಲ ಶ್ರಾವಣದ ಮಳೆ ಬಿಡುವೇ ಕೊಡುತ್ತಿಲ್ಲ, ಭದ್ರಾವತಿಯಲ್ಲೂ ಹೀಗೆಯೇ ಇರಬೇಕು. ವೀಣಾಳ ಕ್ವಾರ್ಟರ್ಸಿನ ನೆಲ ತಣ್ಣಗೆ ಕೊರೆಯುತ್ತದೆ, ಬರಿಗಾಲಲ್ಲಿ ಓಡಾಡಬೇಡಿ. ನೀವು ಮಂಡಿಗೆ ಹಚ್ಚಿಕೊಳ್ಳುವ ಎಣ್ಣೆ ಇಲ್ಲಿಯೇ ಉಳಿದುಹೋಗಿತ್ತು, ಕಳಿಸಿದ್ದೇನೆ. ಬಿಪಿ ಮಾತ್ರೆಯನ್ನೂ ಇಟ್ಟಿದ್ದೇನೆ. ನೀವು ಹೋಗುವಾಗ ನಿಮ್ಮ ಹತ್ತಿರ ನಾಲ್ಕೇ ಉಳಿದಿದ್ದವು ಅನ್ನುವುದು ನನಗೆ ಗೊತ್ತಿತ್ತು, ಆದರೂ ಆ ದಿನ ಬಾಯಿಬಿಟ್ಟು ಹೇಳಲಿಲ್ಲ. ಅಲ್ಲಿ ತರಿಸಿಕೊಂಡಿದ್ದರೂ ಇವು ಇರಲಿ.

ಒಂದು ಮಾತು. ಈ ಕಾಗದವನ್ನು ವೀಣಾಳ ಕೈಗೆ ಕೊಟ್ಟು ಓದಿಸಿಕೊಳ್ಳಬೇಡಿ. ನಿಮಗೆ ಕಾಣಲಿ ಎಂದೇ ಸ್ಪಂದನಾಳ ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದು ಗೆರೆ ಬಿಟ್ಟು ಒಂದು ಗೆರೆಗೆ ದೊಡ್ಡದಾಗಿ ಬರೆಯುತ್ತಿದ್ದೇನೆ. ಮೊದಲು ನೀವು ಓದಿ. ಆಮೇಲೆ ಯಾರಿಗೆ ಬೇಕಾದರೂ ಓದಿ ಹೇಳಿ, ಬೀದಿಯವರಿಗೆಲ್ಲ ಹೇಳಿದರೂ ನನ್ನ ತಕರಾರಿಲ್ಲ. ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ವೀಣಾ "ಅಮ್ಮ ಮಲಗಿದ್ದಾಳೆ" ಅಂದಳು. ಬೆಳಿಗ್ಗೆ ಹತ್ತು ಗಂಟೆಗೆ ಮಲಗುವವರಲ್ಲ ನೀವು. ಹದಿನೆಂಟು ಕಿಲೋಮೀಟರ್ ದೂರಕ್ಕೆ ಕಾಗದ ಯಾಕೆ, ಬಸ್ಸು ಹತ್ತಿ ಬಂದಿದ್ದರೆ ಆಗುತ್ತಿರಲಿಲ್ಲವೇ ಅಂತ ನೀವು ಕೇಳಬಹುದು. ಇವರನ್ನು ಒಬ್ಬರೇ ಬಿಟ್ಟು ಬರುವ ಹಾಗಿಲ್ಲ, ಅದು ಒಂದು. ಎದುರಿಗೆ ಬಂದರೆ ನನ್ನ ಬಾಯಿಂದ ಈ ಮಾತು ಹೊರಡುವುದಿಲ್ಲ, ಅದು ಇನ್ನೊಂದು.

ನಿಮ್ಮ ಮಗ ಆಸ್ಪತ್ರೆಯಿಂದ ಮನೆಗೆ ಬಂದು ಹದಿಮೂರು ದಿನವಾಯಿತು. ಗೇಟಿನವರೆಗೆ ನಡೆದು ಬರುತ್ತಾರೆ. ಕೆನ್ನೆ ಒಳಗೆ ಹೋಗಿದೆ, ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ನೇತಾಡುತ್ತದೆ. ಮಾಚೇನಹಳ್ಳಿಯ ವರ್ಕ್‌ಶಾಪಿನವರು ತಿಂಗಳು ಪೂರ್ತಿ ರಜೆ ಕೊಟ್ಟಿದ್ದಾರೆ. ಕಿಡ್ನಿ ಇನ್ನು ಹೆಚ್ಚು ದಿನ ಎಳೆಯುವುದಿಲ್ಲ, ಡಯಾಲಿಸಿಸ್ಸಿಗೆ ತಯಾರಾಗಬೇಕು, ಅದಕ್ಕೆ ಮುಂಚೆ ಎಡಗೈಯಲ್ಲಿ ರಕ್ತನಾಳ ಜೋಡಿಸುವ ಸಣ್ಣ ಆಪರೇಷನ್ ಮಾಡಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದ್ದಾರೆ. ಸ್ಪಂದನಾ ಸ್ಕೂಲಿನಿಂದ ಬಂದ ಕೂಡಲೇ ನಿಮ್ಮ ಕೋಣೆಯ ಬಾಗಿಲು ತೆಗೆದು ನೋಡಿ, ಆಮೇಲೆ ಬ್ಯಾಗು ಇಡುತ್ತಾಳೆ.

ಇನ್ನು ಮುಂದೆ ಬರೆಯುವುದರಲ್ಲಿ ನಿಮಗೆ ಗೊತ್ತಿರುವುದೇ ಬಹಳ ಇದೆ. ಮೊದಲಿನಿಂದ ಹೇಳಿಕೊಂಡು ಬರದಿದ್ದರೆ ಕೊನೆಯದನ್ನು ಬರೆಯಲು ನನ್ನ ಕೈ ಏಳುವುದಿಲ್ಲ, ಅದಕ್ಕೆ ಸಹಿಸಿಕೊಳ್ಳಿ.

ಹೋದ ಡಿಸೆಂಬರಿನಲ್ಲಿ ಇವರ ಪಾದ ಊದಿ ಶೂ ಹಿಡಿಸದೇ ಹೋದಾಗ, ನಾವಿಬ್ಬರೂ ಇವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆವಲ್ಲ. ಎಷ್ಟೋ ವರ್ಷದಿಂದ ಯಾರಿಗೂ ಗೊತ್ತಾಗದೆ ಬಿಪಿ ಏರಿ ಏರಿ ಕಿಡ್ನಿಯನ್ನು ತಿಂದುಹಾಕಿದೆ ಅಂದರು. ಮೂವತ್ತೆಂಟು ವರ್ಷಕ್ಕೆ! ಆ ದಿನ ಡಯಟೀಷಿಯನ್ ಮೇಡಂ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು. ಎಳನೀರು ಬೇಡ, ಬಾಳೆಹಣ್ಣು ಬೇಡ, ಟೊಮೆಟೊ, ಆಲೂಗಡ್ಡೆ, ನುಗ್ಗೆಸೊಪ್ಪು ಬೇಡ. ಸೋರೆ, ಪಡವಲ, ಹೀರೆ, ಎಲೆಕೋಸು ಆಗಬಹುದು, ಆದರೆ ಯಾವುದೇ ತರಕಾರಿಯಾಗಲಿ ಸಣ್ಣಗೆ ಹೆಚ್ಚಿ, ನೆನೆಸಿ, ತುಂಬ ನೀರು ಹಾಕಿ ಬೇಯಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಒಗ್ಗರಣೆ. ತರಕಾರಿಯಲ್ಲಿ ಪೊಟ್ಯಾಸಿಯಂ ಅಂತ ಇರುತ್ತದೆ, ಒಳ್ಳೆಯ ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಇವರದ್ದು ಹಾಕುವುದಿಲ್ಲ, ರಕ್ತದಲ್ಲಿ ಅದು ಹೆಚ್ಚಾದರೆ ಎದೆಬಡಿತ ನಿಂತುಹೋಗಬಹುದು ಅಂದರು. ನೀವು ಹೊರಗೆ ಬಂದು, "ಗದ್ದೆಗೆ ಹಾಕೋ ಪೊಟ್ಯಾಷು ಸೊಪ್ಪಿನೊಳಗೆ ಎಲ್ಲಿಂದ ಬಂತೇ?" ಅಂದಿರಿ. ಆ ಹೆದರಿಕೆಯಲ್ಲೂ ನನಗೆ ನಗು ಬಂದಿತ್ತು. ಆಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕ ನೆನಪಿಲ್ಲ.

ಅಡುಗೆಮನೆಯ ಜಗಳ ಅಲ್ಲಿಂದಲೇ ಶುರುವಾಯಿತು. ನಾನು ಬಸಿದ ನೀರನ್ನು ಮೋರಿಗೆ ಸುರಿಯುವಾಗಲೆಲ್ಲ ನೀವು ಮುಖ ತಿರುಗಿಸುತ್ತಿದ್ದಿರಿ. "ಸತ್ವ ಎಲ್ಲಾ ಮೋರಿಗೆ ಸುರಿದು ನನ್ನ ಮಗನಿಗೆ ಸಿಪ್ಪೆ ಹಾಕ್ತೀಯಲ್ಲ ತಾಯಿ" ಅಂದಿದ್ದಿರಿ ಒಂದು ಸಲ. ನಾನು ಪಾತ್ರೆಯನ್ನು ಜೋರಾಗಿ ಕುಕ್ಕಿದೆ. ಶಿವರಾತ್ರಿಯ ದಿನ ಗುಡಿಯ ಪ್ರಸಾದ ಅಂತ ನೀವು ಇವರ ಕೈಗೆ ಒಂದು ಪುಟ್ಟಬಾಳೆ ಇಟ್ಟಿರಿ. ಪಕ್ಕದ ಮನೆಯ ಕರಿಯಮ್ಮನವರು ನೋಡುತ್ತಿದ್ದ ಹಾಗೆಯೇ ನಾನು ಅದನ್ನು ಕಿತ್ತುಕೊಂಡೆ. ನಿಮ್ಮ ಮುಖ ಆಗ ಹೇಗಾಯಿತು ಅನ್ನುವುದನ್ನು ನೋಡಿಯೂ ನೋಡದ ಹಾಗೆ ಒಳಗೆ ಹೋದೆ. ಮೇ ತಿಂಗಳಲ್ಲಿ, ಬಸಿದ ನೀರು ಹಾಳು ಮಾಡುವುದು ಬೇಡ ಅಂತ ನಮಗೆ ಮಾತ್ರ, ಅಂದರೆ ನಿಮಗೆ, ನನಗೆ, ಮಗುವಿಗೆ, ಅದರಲ್ಲೇ ಬಸ್ಸಾರು ಮಾಡತೊಡಗಿದೆ. ಹರಿವೆಸೊಪ್ಪು, ಹೆಸರುಕಾಳು ಬೇಯಿಸಿದ ನೀರಿಗೆ ಮಸಾಲೆ ರುಬ್ಬಿ ಹಾಕಿದರೆ ಬೀದಿಯ ಕೊನೆಯವರೆಗೂ ಘಮ್ಮೆನ್ನುತ್ತದೆ. ಇವರು ತಟ್ಟೆ ಮುಂದೆ ಸಪ್ಪೆ ಸೋರೆಕಾಯಿ ಇಟ್ಟುಕೊಂಡು ಮೂಗು ಅರಳಿಸುತ್ತಿದ್ದರು. "ವೀರೂಗೂ ಒಂದು ಸೌಟು ಹಾಕ್ಬಾರ್ದಾ?" ಅಂದಿರಿ ನೀವು. ನಾನು ಏನೆಂದೆ, ನೆನಪಿದೆಯೇ? "ನಿಮ್ಮ ಮಗ ಬದುಕೋದು ಬೇಕೋ ಬೇಡ್ವೋ?" ಅಂದೆ. ನೀವು ಅರ್ಧ ಊಟಕ್ಕೇ ಎದ್ದು ಹೋಗಿ ಕೈ ತೊಳೆದಿರಿ.

ಅತ್ತೆ, ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲ.

ಜೂನ್ ಬಂದಾಗ ಇವರು ಊಟವನ್ನೇ ಬಿಡುತ್ತ ಬಂದರು. ರಾತ್ರಿ ಎರಡು ತುತ್ತು ತಿಂದು ತಟ್ಟೆ ಸರಿಸುವುದನ್ನು ನೀವೂ ನೋಡಿದ್ದೀರಿ. ಮಧ್ಯಾಹ್ನದ ಡಬ್ಬಿಯ ಕಥೆ ಮಾತ್ರ ನನಗೊಬ್ಬಳಿಗೇ ಗೊತ್ತು. ವರ್ಕ್‌ಶಾಪಿಗೆ ತೆಗೆದುಕೊಂಡು ಹೋದದ್ದು ಹಾಗೆ ಹಾಗೆಯೇ ವಾಪಸು ಬರುತ್ತಿತ್ತು. ಮುಚ್ಚಳ ತೆಗೆದರೆ ಹಳಸಿದ ಅನ್ನ, ಬಸಿದ ಕೋಸು. ಒಂದು ದಿನ ಇವರು, "ತನು, ಬಟ್ಟೆ ಹಿಂಡಿ ಹಾಕಿದ ಹಾಗಿರುತ್ತೆ ಕಣೆ ನಾಲಿಗೆ ಮೇಲೆ. ಒಂದು ದಿನ, ಒಂದೇ ದಿನ ಸಾರು ಹಾಕಿ ಕಳಿಸು" ಅಂದರು. ಬೇಡುವ ಮನುಷ್ಯರಲ್ಲ ಅವರು, ನಿಮಗೆ ಗೊತ್ತಲ್ಲ. ಮರುದಿನ ಬೆಳಿಗ್ಗೆ ನೀವು ಪೂಜೆಗೆ ಕೂತಿದ್ದಾಗ ನಾನು ಡಬ್ಬಿಯ ಕೆಳಗಿನ ಬಟ್ಟಲಿಗೆ ಬಸ್ಸಾರು ಹಾಕಿದೆ. ಸಂಜೆ ಡಬ್ಬಿ ಖಾಲಿ ಬಂತು. ತೊಳೆದಿಟ್ಟ ಹಾಗೆ ಖಾಲಿ. ನಾನು ಅದನ್ನು ಹಿಡಿದುಕೊಂಡು ಬಚ್ಚಲಲ್ಲಿ ಅತ್ತುಬಿಟ್ಟೆ.

ಮರುದಿನ ಅವರಿಗೆ ಏನೂ ಆಗಲಿಲ್ಲ. ಅದಕ್ಕೇ ಮತ್ತೆ ಹಾಕಿದೆ. ಮೊದಮೊದಲು ವಾರಕ್ಕೆ ಎರಡು ಸಲ. ಜುಲೈ ಹೊತ್ತಿಗೆ ಭಾನುವಾರ ಬಿಟ್ಟು ದಿನಾ. ಉಪ್ಪು ಕಡಿಮೆ ಹಾಕುತ್ತಿದ್ದೆ. ಉಪ್ಪೇ ತಾನೇ ಕೆಟ್ಟದ್ದು, ಉಪ್ಪಿಲ್ಲದ ಮೇಲೆ ನೀರಿನಿಂದ ಏನಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಮೇಡಂ ಕೊಟ್ಟ ಹಾಳೆಯನ್ನು ನಾನೇ ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದೆ. "ಬೇಯಿಸಿದ ನೀರನ್ನು ಚೆಲ್ಲಬೇಕು" ಅಂತ ಅದರಲ್ಲಿ ಕನ್ನಡದಲ್ಲೇ ಇತ್ತು. ಸಾರು ಹಾಕುವಾಗ ನಾನು ಆ ಗೋಡೆಯ ಕಡೆ ನೋಡುತ್ತಿರಲಿಲ್ಲ. ನಿಮಗೆ ಹೇಳಬಹುದಿತ್ತು. ಹೇಳಿದ್ದರೆ ನೀವು ಖುಷಿಪಡುತ್ತಿದ್ದಿರಿ, ಬೈಯುತ್ತಲೂ ಇರಲಿಲ್ಲ. ಆದರೆ ಅಷ್ಟು ಗಟ್ಟಿ ಮಾತಾಡಿದ ಬಾಯಲ್ಲಿ ಹೇಗೆ ಹೇಳಲಿ? ನಿಮ್ಮ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡವಳು ನಾನೇ ಅಲ್ಲವೇ?

ಶ್ರಾವಣದ ಮೊದಲ ಸೋಮವಾರ, ಜುಲೈ ಇಪ್ಪತ್ಮೂರು. ಬೆಳಿಗ್ಗೆ ಪೂಜೆ ಮುಗಿಸಿ ನೀವು ಬಾಳೆಹಣ್ಣಿನ ರಸಾಯನ ಮಾಡಿ, ಇವರ ಅಂಗೈಗೆ ಎರಡು ಚಮಚ ಹಾಕಿದಿರಿ. ನಾನು ನೋಡಿದೆ, ಹಬ್ಬದ ದಿನ ಬೇಡ ಅಂತ ಸುಮ್ಮನಾದೆ. ಇವರು ಡಬ್ಬಿ ತೆಗೆದುಕೊಂಡು ಡ್ಯೂಟಿಗೆ ಹೋದರು. ಸಂಜೆ ಐದೂವರೆಗೆ ಬಂದವರು ಕಾಲು ಭಾರ ಅಂದರು. ಬಚ್ಚಲಿಗೆ ಹೋದವರು ಅಲ್ಲೇ ಕುಸಿದರು. ನೀವು, ನಾನು ಎರಡು ಕಡೆ ಹಿಡಿದು ಎತ್ತಿದರೆ ಕಾಲು ನೆಲಕ್ಕೆ ಊರುತ್ತಲೇ ಇರಲಿಲ್ಲ, ಬೇರೆ ಯಾರದೋ ಕಾಲಿನ ಹಾಗೆ ಮಡಚಿಕೊಳ್ಳುತ್ತಿತ್ತು. ಆಟೋದಲ್ಲಿ ನೀವು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮಣಿಕಟ್ಟು ಹಿಡಿದುಕೊಂಡೇ ಇದ್ದಿರಿ. "ನಾಡಿ ನಿಧಾನ ಆಗ್ತಿದೆ ಕಣೆ, ನಿಧಾನ ಆಗ್ತಿದೆ" ಅಂತ ಅಷ್ಟೇ ಹೇಳುತ್ತಿದ್ದಿರಿ. ಪೊಟ್ಯಾಸಿಯಂ ಏಳು ದಾಟಿತ್ತಂತೆ. ಹತ್ತು ನಿಮಿಷ ತಡವಾಗಿದ್ದರೆ ಏನು ಹೇಳಲೂ ಆಗುತ್ತಿರಲಿಲ್ಲ ಅಂತ ಆಮೇಲೆ ನರ್ಸು ಹೇಳಿದರು.

ಬಾಗಿಲ ಹೊರಗೆ ನಾವು ನಿಂತಿದ್ದಾಗ ವೀಣಾ ಭದ್ರಾವತಿಯಿಂದ ಓಡಿ ಬಂದಳು. ನಿಮ್ಮ ತಮ್ಮ ಪರಮೇಶ್ವರಪ್ಪ ಮಾವ ಬಂದರು. ಒಳಗಿನಿಂದ ಡಾಕ್ಟರು ಬಂದು, "ಇವತ್ತು ಏನು ತಿಂದಿದ್ರು? ಹಣ್ಣು, ಎಳನೀರು ಏನಾದ್ರೂ ಕೊಟ್ರಾ?" ಅಂತ ಕೇಳಿದರು. ಎಲ್ಲರೂ ನನ್ನ ಮುಖ ನೋಡಿದರು. ಆ ಒಂದು ಕ್ಷಣದಲ್ಲಿ ನನ್ನ ತಲೆಗೆ ಡಬ್ಬಿ ಬಂತು, ಅತ್ತೆ. ಬಂದೇ ಬಂತು. ಆದರೆ ಬಾಯಿಗೆ ಬಂದದ್ದು, "ಅತ್ತೆ ರಸಾಯನ ಕೊಟ್ಟಿದ್ರು" ಅನ್ನುವ ಮಾತು. ಸುಳ್ಳಲ್ಲವಲ್ಲ ಅಂದುಕೊಂಡೆ. ಪರಮೇಶ್ವರಪ್ಪ ಮಾವ ಅಷ್ಟು ಜನರ ಮುಂದೆ, "ಅಕ್ಕಾ, ಹೆತ್ತ ಕೈಯಲ್ಲೇ ವಿಷ ಹಾಕಿದ್ಯಲ್ಲೇ, ಎಷ್ಟು ಸಲ ಹೇಳಿತ್ತು ಈ ಹುಡುಗಿ ನಿಂಗೆ" ಅಂದರು. ವೀಣಾ ನಿಮ್ಮನ್ನು ಹಿಡಿದು ಅಲುಗಾಡಿಸಿದಳು. ನೀವು "ಎರಡೇ ಚಮಚ" ಅಂದಿರಿ. ಇನ್ನೊಂದು ಸಲ "ಎರಡೇ ಚಮಚ" ಅಂದಿರಿ. ಹಣೆಯ ವಿಭೂತಿ ಬೆವರಿಗೆ ಇಳಿದು ಹುಬ್ಬಿನ ಮೇಲೆ ಬಂದಿತ್ತು, ಒರೆಸಿಕೊಳ್ಳಲೂ ಇಲ್ಲ. ನಾನು ನೋಡುತ್ತ ನಿಂತಿದ್ದೆ.

ಬುಧವಾರ ಬೆಳಿಗ್ಗೆ, ಇವರು ಇನ್ನೂ ಐಸಿಯುವಿನಲ್ಲಿ ಇರುವಾಗಲೇ, ನೀವು ಎರಡು ಸೀರೆ ಬ್ಯಾಗಿಗೆ ಹಾಕಿಕೊಂಡು ವೀಣಾಳ ಜೊತೆ ಹೊರಟುಬಿಟ್ಟಿರಿ. "ನಾನು ಇಲ್ದಿದ್ರೆ ಅವನು ಉಳೀತಾನೆ" ಅಂದಿರಿ. ನಾನು "ಹೋಗಬೇಡಿ" ಅನ್ನಲಿಲ್ಲ. ನೀವು ಎದುರಿಗೆ ಇಲ್ಲದಿದ್ದರೆ ನನಗೂ ಸ್ವಲ್ಪ ಉಸಿರಾಡಲು ಆಗುತ್ತದೆ ಅನ್ನಿಸಿತು. ಇದಕ್ಕಿಂತ ಕೆಟ್ಟದ್ದು ನಾನು ಇನ್ನೇನು ಬರೆಯಲಿ?

ಇವರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅಮ್ಮ ಎಲ್ಲಿ ಅಂದಾಗ, ವೀಣಾಳ ಮನೆಗೆ ನಾಲ್ಕು ದಿನಕ್ಕೆ ಹೋಗಿದ್ದಾರೆ ಅಂದಿದ್ದೆ. ಮೊನ್ನೆ ಶುಕ್ರವಾರ ಪರೀಕ್ಷೆಗೆ ಹೋದಾಗ ಡಯಟೀಷಿಯನ್ ಮೇಡಂ ನಮ್ಮಿಬ್ಬರನ್ನು ಕೂರಿಸಿಕೊಂಡರು. ರಸಾಯನ ಎಷ್ಟು ಅಂತ ಕೇಳಿದರು. ಎರಡು ಚಮಚ ಅಂದೆ. "ಎರಡು ಚಮಚಕ್ಕೆ ಇಷ್ಟು ಏರಲ್ಲಮ್ಮ, ಬೇರೆ ಏನೋ ಇದೆ. ಬೆಳಿಗ್ಗೆಯಿಂದ ಒಂದೊಂದೇ ಹೇಳಿ" ಅಂದರು. ಬೆಳಿಗ್ಗೆ ಅವಲಕ್ಕಿ ಅಂದೆ. ಮಧ್ಯಾಹ್ನ ಏನು ಅಂದರು. ಇವರೇ ಹೇಳಿಬಿಟ್ಟರು. "ಬಸ್ಸಾರು ಅನ್ನ ಮೇಡಂ. ದಿನಾ ಅದೇ. ಇವಳ ಕೈಯ ಬಸ್ಸಾರು ಇಲ್ದಿದ್ರೆ ನಾನು ಇಷ್ಟು ದಿನ ಉಳೀತಿರಲಿಲ್ಲ." ಎಷ್ಟು ಪ್ರೀತಿಯಿಂದ ಹೇಳಿದರು ಗೊತ್ತಾ ಅತ್ತೆ, ನನ್ನನ್ನು ಹೊಗಳುತ್ತಿದ್ದಾರೆ! ಮೇಡಂ ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ?" ಅಂದರು. ಆಮೇಲೆ ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ತರಕಾರಿಯಲ್ಲಿ, ಸೊಪ್ಪಿನಲ್ಲಿ, ಕಾಳಿನಲ್ಲಿ ಇದ್ದ ಪೊಟ್ಯಾಸಿಯಂ ಬೇಯುವಾಗ ನೀರಿಗೆ ಇಳಿಯುತ್ತದೆ. ಚೆಲ್ಲಲು ಹೇಳಿದ್ದು ಅದಕ್ಕೇ. ಚೆಲ್ಲಬೇಕಾದದ್ದನ್ನೇ ನಾನು ಹುಡುಕಿ ಕೊಟ್ಟಿದ್ದೇನೆ ಅಂದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಮನೆಗೆ ಬಂದು ಕೂತ ಮೇಲೆ ಇವರು, "ಅಮ್ಮ ಯಾಕೆ ಹೋದ್ಲು?" ಅಂದರು. ನಾನು ಬಾಯಿ ತೆಗೆಯುವ ಮೊದಲೇ ಸ್ಪಂದನಾ, "ಅಜ್ಜೀನ ಎಲ್ರೂ ಬೈದ್ರಪ್ಪ, ರಸಾಯನ ಕೊಟ್ಟಿದ್ದಕ್ಕೆ" ಅಂದುಬಿಟ್ಟಳು. "ಯಾರು ಹೇಳಿದ್ದು ರಸಾಯನ ಅಂತ?" ಅಂದರು ಇವರು. ನಾನು ಅಂದೆ. ನಾನೇ ಹೇಳಿದ್ದು ಅಂದೆ. ಡಬ್ಬಿ ನೆನಪಾಗಿತ್ತು, ಆದರೂ ಹೇಳಲಿಲ್ಲ ಅಂತಲೂ ಅಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು.

ಈಗ ಮೇಡಂ ಹೇಳಿದಂತೆ ಅಕ್ಷರಕ್ಕಕ್ಷರ ಮಾಡುತ್ತಿದ್ದೇನೆ. ಸೋರೆಕಾಯಿಯ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಗಂಟೆ ನೆನೆಹಾಕಿ, ಬೇರೆ ನೀರಿನಲ್ಲಿ ಬೇಯಿಸುತ್ತೇನೆ. ಬಾಯಿಗೆ ರುಚಿಯಾಗಲಿ ಅಂತ ಜೀರಿಗೆ, ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಒಗ್ಗರಣೆ ಕೊಡುವುದನ್ನೂ ಅವರೇ ಹೇಳಿಕೊಟ್ಟಿದ್ದಾರೆ. ನಿಜವಾಗಿಯೂ ಚೆನ್ನಾಗಿರುತ್ತದೆ, ಇದನ್ನು ಮೊದಲೇ ಕೇಳಿ ತಿಳಿದುಕೊಳ್ಳಬಹುದಿತ್ತು. ಆದರೆ ನೀರು ಬಸಿಯುವ ಹೊತ್ತಿಗೆ ಇವರು ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಲ್ಲುತ್ತಾರೆ. ನಾನು ಮೋರಿಗೆ ಸುರಿಯುವುದನ್ನು ಕೊನೆಯ ಹನಿಯವರೆಗೂ ನೋಡುತ್ತಾರೆ. ನೋಡಿದ ಮೇಲೂ ತಿನ್ನುವುದಿಲ್ಲ. ಬರೀ ಅನ್ನಕ್ಕೆ ಒಂದಿಷ್ಟು ಬೆಣ್ಣೆ ಕಲೆಸಿಕೊಂಡು ಏಳುತ್ತಾರೆ. ಸಿಟ್ಟಾಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಅದು ಸಿಟ್ಟಲ್ಲ ಅತ್ತೆ, ಹೆದರಿಕೆ. ಹನ್ನೊಂದು ವರ್ಷ ನನ್ನ ಕೈಯಲ್ಲಿ ಉಂಡ ಮನುಷ್ಯನಿಗೆ ನನ್ನ ಕೈ ಕಂಡರೆ ಹೆದರಿಕೆ.

ನಿನ್ನೆ ಎಸ್‌ಟಿಡಿ ಬೂತಿಗೆ ಹೋಗಿ ಪರಮೇಶ್ವರಪ್ಪ ಮಾವನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬೂತಿನಲ್ಲಿ ಮೂರು ಜನ ಕಾಯುತ್ತಿದ್ದರು, ಅವರಿಗೂ ಕೇಳಿಸಿರಬೇಕು. ಮಾವ, "ನಂಗ್ಯಾಕೆ ಹೇಳ್ತೀಯಮ್ಮ, ಅಕ್ಕನಿಗೆ ಹೇಳು. ನಾನೂ ಹೇಳೋದಿದೆ ಅವಳಿಗೆ" ಅಂತ ಇಟ್ಟುಬಿಟ್ಟರು. ವೀಣಾಳಿಗೆ ನಾನು ಇನ್ನೂ ಹೇಳಿಲ್ಲ. ನಿಮಗಿಂತ ಮೊದಲು ಅವಳಿಗೆ ಗೊತ್ತಾಗಬಾರದು ಅನ್ನಿಸಿತು. ನೀವು ಓದಿದ ಮೇಲೆ ಅವಳಿಗೆ ನಾನೇ ಹೇಳುತ್ತೇನೆ.

ನಿಮ್ಮ ಎರಡು ಚಮಚ ನಿಮ್ಮ ಮಗನನ್ನು ಕೆಡವಲಿಲ್ಲ, ಅತ್ತೆ. ನನ್ನ ಒಂದು ತಿಂಗಳ ಡಬ್ಬಿ ಕೆಡವಿತು. ರಸಾಯನವನ್ನು ಕೊಡಬಾರದಿತ್ತು, ಇನ್ನು ಮುಂದೆಯೂ ಕೊಡಬಾರದು, ಅದು ಬೇರೆ ಮಾತು. ಆದರೆ ನೀವು ಇಪ್ಪತ್ತು ದಿನದಿಂದ ಹೊತ್ತುಕೊಂಡು ಕೂತಿರುವುದು ನಿಮ್ಮದಲ್ಲ, ನನ್ನದು. ಕ್ಷಮಿಸಿ ಎಂದು ಕೇಳುವಷ್ಟು ಮುಖ ನನಗಿಲ್ಲ, ಬನ್ನಿ ಎಂದು ಕರೆಯುವ ಅಧಿಕಾರವೂ ಇಲ್ಲ. ನಿಮಗೆ ಗೊತ್ತಾಗಬೇಕಿತ್ತು, ತಿಳಿಸಿದ್ದೇನೆ.

ವೀಣಾಳ ಯಜಮಾನರಿಗೆ ನಮ್ಮ ನಮಸ್ಕಾರ ಹೇಳಿ. ಸ್ಪಂದನಾ ನಿಮ್ಮ ಪಾದಕ್ಕೆ ಬಿದ್ದಿದ್ದಾಳೆ. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರಲಿ.

ನಿಮ್ಮ ಸೊಸೆ,
ತನುಜಾ

ಮರೆತದ್ದು: ಮರೆತದ್ದಲ್ಲ, ಬೇಕೆಂದೇ ಬರೆಯದೆ ಬಿಟ್ಟಿದ್ದೆ. ಇವರ ಜೊತೆ ಕೆಲಸ ಮಾಡುವ ಹುಲಿಯಪ್ಪ ಕಾಗದಕ್ಕಾಗಿ ಬಾಗಿಲಲ್ಲೇ ನಿಂತಿದ್ದಾರೆ, ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾರೆ, ಬೇಗ ಬರೆಯುತ್ತೇನೆ. ಕೈ ಆಪರೇಷನ್ ಈ ಶುಕ್ರವಾರ, ಹದಿನೇಳನೇ ತಾರೀಖು ಬೆಳಿಗ್ಗೆ. ಮಂಗಳೂರಿನಿಂದ ಬರುವ ಡಾಕ್ಟರು ಅದಾದ ಮೇಲೆ ಮೂರು ವಾರ ಬರುವುದಿಲ್ಲ. ನಿನ್ನೆಯ ರಕ್ತಪರೀಕ್ಷೆಯಲ್ಲಿ ಕಿಡ್ನಿಯ ಶಕ್ತಿ ಇನ್ನೂ ಕುಗ್ಗಿದೆ, ಮೂರು ವಾರ ಕಾಯುವ ಹಾಗಿಲ್ಲ ಅಂದಿದ್ದಾರೆ. ಇವರು ಮಾತ್ರ, "ಅಮ್ಮ ಬಂದು ಪಕ್ಕದಲ್ಲಿ ನಿಲ್ಲೋವರೆಗೂ ನಾನು ಕೈ ಕೊಡಲ್ಲ" ಅಂತ ಹಟ ಹಿಡಿದಿದ್ದಾರೆ. ಮೂರು ದಿನದಿಂದ ಹೇಳಿ ಹೇಳಿ ಸೋತೆ. ಇದನ್ನೇ ಮೊದಲು ಬರೆದಿದ್ದರೆ, ಕೆಲಸ ಆಗಬೇಕು ಅಂತ ತಪ್ಪು ಒಪ್ಪಿಕೊಂಡಳು ಅಂದುಕೊಳ್ಳುತ್ತಿದ್ದಿರಿ. ಈಗಲೂ ಹಾಗೆ ಅಂದುಕೊಂಡರೆ ಅಂದುಕೊಳ್ಳಿ. ನನ್ನ ಮುಖ ನೋಡುವುದು ಬೇಡ, ನೀವು ಬಂದಾಗ ನಾನು ಕರಿಯಮ್ಮನವರ ಮನೆಯಲ್ಲಿ ಇರುತ್ತೇನೆ. ಹುಲಿಯಪ್ಪ ಗುರುವಾರ ಬೆಳಿಗ್ಗೆ ಏಳಕ್ಕೆ ನಿಮ್ಮ ಬಾಗಿಲಿಗೆ ಬರುತ್ತಾರೆ. ಬ್ಯಾಗು ಅವರ ಕೈಗೆ ಕೊಡಿ, ಮಳೆಯಲ್ಲಿ ನೀವು ಹೊರಬೇಡಿ. ಬನ್ನಿ ಅತ್ತೆ.